ಕಡಮತ್ ದ್ವೀಪ: ಎರಡು ಬಿಸಿಗಳ ನಡುವಿನ ಆರು ವರ್ಷ

ಲಕ್ಷದ್ವೀಪದ ಕಡಮತ್ತಿನಲ್ಲಿ ನೀರಿನಡಿ ತೆಗೆದ ಈ ದೃಶ್ಯ ಅಲುಗಾಡುತ್ತಿದೆ, ಕ್ಷಮಿಸಿ. ಮೂಗಿಗೆ ಉಪ್ಪುನೀರು ಏರಿದವನ ಕೈಯಲ್ಲಿ ಕ್ಯಾಮೆರಾ ಇದ್ದರೆ ಹೀಗೆಯೇ ಆಗುವುದು. ಈಗ ಸರಿಯಾಯಿತು, ನೋಡಿ. ಎಡಕ್ಕೆ ಊಟದ ಮೇಜಿನಷ್ಟು ಅಗಲದ, ತಟ್ಟೆಯಂಥ ಹವಳ. ಅದು ಸತ್ತಿದೆ, ಮೇಲೆಲ್ಲ ಪಾಚಿ ಹತ್ತಿದೆ. ಬಲಕ್ಕೆ ಬಂಡೆಯಂತೆ ಗುಂಡಗೆ, ಮಾಸಲು ಕಂದು ಬಣ್ಣದ್ದು ಬದುಕಿದೆ. ಕವಲೊಡೆಯುವ ಮತ್ತು ತಟ್ಟೆಯಂತೆ ಹರಡುವ ಹವಳಗಳು ಬೇಗ ಬೆಳೆಯುತ್ತವೆ, ನೀರು ಬಿಸಿಯಾದರೆ ಬೇಗ ಸಾಯುತ್ತವೆ. ಗುಂಡನೆಯ ಜಾತಿಯವು ನಿಧಾನಸ್ಥರು, ಗಟ್ಟಿಗರು.

ಇಲ್ಲಿ ಒಂದು ನಿಮಿಷ ನಾನು ಮಾತಾಡುವುದಿಲ್ಲ, ಕೇಳಿಸಿಕೊಳ್ಳಿ. ಕಟಕ್, ಕಟಕ್ ಎನ್ನುತ್ತಿದೆಯಲ್ಲ, ಅದು ಗಿಳಿಮೀನು. ಸತ್ತ ಹವಳದ ಮೇಲಿನ ಪಾಚಿಯನ್ನು ಕಲ್ಲುಸಮೇತ ಕೆರೆದು ತಿನ್ನುತ್ತಿದೆ. ನುಂಗಿದ ಕಲ್ಲು ಅದರ ಹೊಟ್ಟೆಯಿಂದ ಬಿಳಿ ಮರಳಾಗಿ ಹೊರಬರುತ್ತದೆ. ಇನ್ನೊಬ್ಬರ ಪ್ರವಾಸದ ಫೋಟೋದಲ್ಲಿ ನೀವು ಮೆಚ್ಚುವ ಬೆಳ್ಳನೆಯ ದಂಡೆಯಲ್ಲಿ ಈ ಮೀನಿನ ಹೊಟ್ಟೆಯ ಪಾಲೂ ಇದೆ. ಅದಕ್ಕಿಂತ ದೊಡ್ಡ ಉಪಕಾರವೆಂದರೆ ಅದು ಕೆರೆದು ಬರಿದು ಮಾಡಿದ ಜಾಗ: ಹವಳದ ಮರಿ ಬಂದು ಅಂಟಿಕೊಳ್ಳುವುದು ಅಲ್ಲಿಯೇ.

ಮಂಗಳೂರಿನವನಾದ ನನಗೆ ಈ ದ್ವೀಪ ಪರವೂರಲ್ಲ. 1956ರಲ್ಲಿ ಲಕ್ಷದ್ವೀಪ ಕೇಂದ್ರಾಡಳಿತಕ್ಕೆ ಸೇರುವವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಐದೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಇಲ್ಲಿಯ ತೆಂಗಿನ ನಾರು ಹಾಯಿದೋಣಿಯಲ್ಲಿ ನಮ್ಮೂರಿಗೆ ಬರುತ್ತಿತ್ತು, ಅಕ್ಕಿ ಇಲ್ಲಿಗೆ ಬರುತ್ತಿತ್ತು. ಹಳೇ ಬಂದರಿನಿಂದ ಇಂದಿಗೂ ಸರಕು ಬರುತ್ತದೆ. ಆದರೂ ನನಗೆ ಅನುಮತಿ ಪತ್ರ ಸಿಗುವಷ್ಟರಲ್ಲಿ ಮಳೆಗಾಲವೇ ಹತ್ತಿರ ಬಂದಿತ್ತು, ಆ ಕಥೆ ಬೇಡ.

ಇನ್ನೊಂದು ನಂಟು ಮೈಸೂರಿನದು. ಅಲ್ಲಿಯ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 1998ರಿಂದ ಅಗತ್ತಿ, ಕಡಮತ್, ಕವರತ್ತಿಯ ಹವಳವನ್ನು ಅಳೆಯುತ್ತ ಬಂದಿದ್ದಾರೆ. ಮೊದಲು ಸುಮಾರು ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ರ ಆಸುಪಾಸಿಗೆ ಇಳಿದಿತ್ತು. 1998, 2010, 2016, ಮೂರು ಸಲ ಸಮುದ್ರ ಕಾದು ಹವಳ ಬಿಳಿಚಿತು. ಹವಳದ ಮೈಯೊಳಗೆ ಇದ್ದುಕೊಂಡು ಅದಕ್ಕೆ ಅನ್ನ ಬೇಯಿಸಿಕೊಡುವ ಸೂಕ್ಷ್ಮ ಪಾಚಿ ಬಿಸಿ ಹೆಚ್ಚಾದಾಗ ಹೊರಬೀಳುತ್ತದೆ. ಉಳಿಯುವುದು ಬಿಳಿ ಎಲುಬು ಮತ್ತು ಹಸಿವು. 2024ರಲ್ಲಿ ಮತ್ತೆ ಅದೇ ಆಯಿತು.

ಆ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶೇಕಡಾವಾರು ಲೆಕ್ಕವಲ್ಲ. ಬಿಳಿಚಿದ ಮೇಲೆ ಸುಮಾರು ಆರು ವರ್ಷ ಮತ್ತೊಂದು ಬಿಸಿಯ ಕಾಟವಿಲ್ಲದೆ ಕಳೆದರೆ ಮಾತ್ರ ಹವಳದ ಚೇತರಿಕೆ ವೇಗ ಹಿಡಿಯುತ್ತದೆ ಎಂಬ ಮಾತು. ಮೊದಲ ಮತ್ತು ಎರಡನೆಯ ಬಿಸಿಯ ನಡುವೆ ಹನ್ನೆರಡು ವರ್ಷವಿತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ಬರೀ ಆರು.

ಹಾಗಾದರೆ ಈ ದ್ವೀಪಗಳಿಗೆ ಗುರಿ ಎಂದರೆ ಯಾವುದು? 2022ರಲ್ಲಿ ಜಗತ್ತಿನ ದೇಶಗಳು ಮಾಂಟ್ರಿಯಲ್‌ನಲ್ಲಿ ಕೂತು, 2030ರೊಳಗೆ ನೆಲ ಮತ್ತು ಕಡಲಿನ ಶೇ 30 ಭಾಗವನ್ನು ಕಾಪಾಡುತ್ತೇವೆ ಎಂದು ಒಪ್ಪಿಕೊಂಡವು. ಒಳ್ಳೆಯದೇ. ಆದರೆ ನಕ್ಷೆಯ ಮೇಲೆ ಎಳೆದ ಗೆರೆಯನ್ನು ಬಿಸಿನೀರು ಓದುವುದಿಲ್ಲ. ಭೂಮಿಯ ಬಿಸಿ 1.5 ಡಿಗ್ರಿ ಏರಿದರೆ ಹವಳದಲ್ಲಿ ಶೇ 70ರಿಂದ 90 ಹೋಗುತ್ತದೆ ಎಂದು ಹವಾಮಾನ ವಿಜ್ಞಾನಿಗಳ ಅಂತರಸರ್ಕಾರಿ ಸಮಿತಿ ಹೇಳಿದೆ. ಅದನ್ನು ತಡೆಯುವುದು ಒಂಬತ್ತು ಕಿಲೋಮೀಟರ್ ಉದ್ದದ ಕಡಮತ್ತಿನ ಕೈಯಲ್ಲಿಲ್ಲ. ಇವರ ಕೈಯಲ್ಲಿರುವುದು ಆ ಆರು ವರ್ಷ ಹವಳಕ್ಕೆ ಬೇರೆ ಕಾಟ ಕೊಡದಿರುವುದು. ನನ್ನ ಪ್ರಕಾರ ಇಲ್ಲಿನ ಗುರಿಗಳೆಲ್ಲ ಆ ಅವಧಿಯ ಸುತ್ತ ಇರಬೇಕು.

ಮೊದಲನೆಯದಾಗಿ ಗಿಳಿಮೀನು ನಮ್ಮ ಊಟದ ತಟ್ಟೆಗೆ ಬರಬಾರದು. ಲಕ್ಷದ್ವೀಪದವರು ಬಹುಕಾಲದಿಂದ ಹೊರಗಡಲಿನ ಟ್ಯೂನಾವನ್ನು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿದು ಬದುಕಿದವರು. ಹವಳದ ದಿಬ್ಬದ ಮೀನಿನ ಮೇಲೆ ಅಷ್ಟು ಒತ್ತಡ ಬೀಳಲಿಲ್ಲ. ಅವರು ಅದಕ್ಕೆ ಸಂರಕ್ಷಣೆ ಎಂಬ ಹೆಸರನ್ನೇನೂ ಇಟ್ಟಿರಲಿಲ್ಲ, ಮಾಸ್ ಎಂಬ ಒಣಮೀನು ಮಾಡಿ ಮಾರಿದರು, ಅಷ್ಟೇ. ಈಚೆಗೆ ದಿಬ್ಬದ ಮೀನಿಗೂ ಪೇಟೆಯಲ್ಲಿ ಬೆಲೆ ಬಂದಿದೆ. ಬಿತ್ರದಲ್ಲಿ ಮುರು ಮೀನುಗಳು ಮೊಟ್ಟೆಯಿಡಲು ಒಂದೇ ಕಡೆ ಗುಂಪುಗೂಡುತ್ತವೆ. ಆ ದಿನಗಳಲ್ಲಿ ಬಲೆ ಬೀಸಿದರೆ ವರ್ಷದ ಬಿತ್ತನೆಬೀಜವನ್ನೇ ಬೇಯಿಸಿ ತಿಂದಂತೆ. ಇಂಥ ಜಾಗಕ್ಕೆ, ಇಂಥ ತಿಂಗಳಿಗೆ ದ್ವೀಪದವರೇ ಒಪ್ಪಿ ಹಾಕಿಕೊಂಡ ನಿಷೇಧ ಆ ಶೇ 30ರ ಗುರಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ. ಲಗೂನಿನ (ದಿಬ್ಬದೊಳಗಿನ ಶಾಂತ ನೀರಿನ) ಹೂಳೆತ್ತುವುದು, ಅಲ್ಲಿಗೆ ಶೌಚದ ನೀರು ಬಿಡುವುದು ನಿಲ್ಲಬೇಕು ಎಂಬುದನ್ನು ಹೇಳಲೇಬೇಕಾಗಿಲ್ಲ.

ಹವಳದ ತುಂಡು ನೆಟ್ಟು ಫೋಟೋ ತೆಗೆಸಿಕೊಳ್ಳುವವರ ಬಗ್ಗೆ ನೀವು ಕೇಳುತ್ತೀರಿ, ಗೊತ್ತು. ಮನ್ನಾರ್ ಕೊಲ್ಲಿಯಲ್ಲಿ ಅದಕ್ಕೆ ಅರ್ಥವಿದೆ. ಅಲ್ಲಿ ಸುಣ್ಣಕ್ಕಾಗಿ ಹವಳವನ್ನು ಅಗೆದು ಅಗೆದು, ಇಪ್ಪತ್ತೊಂದು ದ್ವೀಪಗಳಲ್ಲಿ ಎರಡು ಮುಳುಗಿಯೇ ಹೋದವು. ಅಗೆತ ನಿಂತ ಮೇಲೆ ನೆಟ್ಟದ್ದಕ್ಕೆ ಬದುಕುವ ಅವಕಾಶವಾದರೂ ಇದೆ. ಕಾಯುತ್ತಲೇ ಇರುವ ನೀರಿನಲ್ಲಿ ನೆಡುವುದು ಬೇರೆ ಮಾತು.

ಇದು ಸಂಜೆಯ ದಂಡೆ. ನಾನು ಬಿಳಿ ತುಂಡೊಂದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಬಲೆ ಸರಿಪಡಿಸುತ್ತಿದ್ದ ಹಿರಿಯರು ತಲೆ ಎತ್ತದೆಯೇ, ಇಟ್ಟುಬಿಡಿ ಎಂದರು. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ಹವಳವೂ ಇದೆ. ಸತ್ತದ್ದಾದರೂ ಒಯ್ಯುವಂತಿಲ್ಲ. ಇಟ್ಟುಬಿಟ್ಟೆ.

ಕೊನೆಯ ದೃಶ್ಯ ಮರುದಿನ ಬೆಳಗಿನದು. ಅದೇ ಸತ್ತ ತಟ್ಟೆ. ಅದರ ಅಂಚಿನಲ್ಲಿ ಗಿಳಿಮೀನು ಕೆರೆದ ಗುರುತುಗಳ ನಡುವೆ ನೇರಳೆ ಚುಕ್ಕೆಯೊಂದು ಕಾಣುತ್ತಿದೆಯೇ? ಮರಿ ಹವಳ. ಅಳತೆಗೆಂದು ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಹಿಡಿದಿದ್ದೇನೆ. ಚುಕ್ಕೆ ಅದಕ್ಕಿಂತ ಚಿಕ್ಕದು. ನಾಣ್ಯವನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ಮುಂದಿನ ಸಲ ಅನುಮತಿ ಸಿಕ್ಕರೆ ಇದೇ ನಾಣ್ಯ, ಇದೇ ಜಾಗ.