ಮೊಂಡು ಬಿದ್ದ ಪಿಸಿವಿ ವಾಲ್ವ್: ಮನೆಯಲ್ಲೇ ಬದಲಿಸುವುದು ಹೇಗೆ?

[ದೃಶ್ಯ: ಅಂಗಳದಲ್ಲಿ ಬಾನೆಟ್ ಎತ್ತಿದ ಕಾರು. ಆಯಿಲ್ ಮುಚ್ಚಳದ ಒಳಭಾಗ ಹತ್ತಿರದಿಂದ.]

ನಮಸ್ಕಾರ. ಈ ಮುಚ್ಚಳದ ಒಳಗೆ ನೋಡಿ. ಬೆಣ್ಣೆ ಮೆತ್ತಿದ ಹಾಗಿದೆ, ಅಲ್ವಾ? ಇಂಜಿನ್ ಆಯಿಲಿಗೆ ನೀರು ಸೇರಿದರೆ ಹೀಗೆ ಆಗುತ್ತದೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಮಳೆಗಾಲದಲ್ಲಿ ಓಡಿದ ಪೆಟ್ರೋಲ್ ಕಾರುಗಳಲ್ಲಿ ಇದು ಹೊಸದೇನಲ್ಲ.

ನೀರು ಹೊರಗಿಂದ ಬಂದದ್ದಲ್ಲ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಹೊಸ ಇಂಜಿನ್ನಿನಲ್ಲೂ ಇಳಿಯುತ್ತದೆ. ಹಳೇ ಕಾಲದ ಗಾಡಿಗಳಲ್ಲಿ ಒಂದು ಪೈಪ್ ಇಟ್ಟು ಅದನ್ನು ರಸ್ತೆಗೇ ಬಿಡುತ್ತಿದ್ದರು. 1961ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರುಗಳಿಗೆ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವ್ ಬಂತು. ಈ ಪುಟ್ಟ ವಾಲ್ವ್ ಆ ಹೊಗೆಯನ್ನು ಮತ್ತೆ ಇಂಜಿನ್ನಿಗೇ ಎಳೆಸಿ ಉರಿಸುತ್ತದೆ.

ನಮ್ಮ ಊರುಗಳ ತೊಂದರೆ ಏನು ಅಂದರೆ, ಗಾಡಿ ಬಿಸಿಯೇ ಆಗುವುದಿಲ್ಲ. ಮನೆಯಿಂದ ಡೈರಿಗೆ, ಡೈರಿಯಿಂದ ತೋಟಕ್ಕೆ, ಸೊಸೈಟಿಗೆ ಹೋಗಿ ವಾಪಸ್. ಹೊರಗೆ ಥಂಡಿ. ಒಳಗಿನ ಆವಿ ಹೊರಹೋಗುವ ಮೊದಲೇ ನೀರಾಗಿ ಆಯಿಲಿಗೆ ಸೇರುತ್ತದೆ. ಆ ಜಿಡ್ಡು ಹೋಗಿ ವಾಲ್ವಿನಲ್ಲಿ ಕಟ್ಟಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕೂಲೆಂಟ್ ಕೂಡ ದಿನೇ ದಿನೇ ಕಮ್ಮಿ ಆಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್, ಸೋರುವ ಕಥೆ ಇರಬಹುದು. ಆಗ ಈ ವಿಡಿಯೋ ನಂಬಿ ಕೂರಬೇಡಿ, ಮೊದಲು ಅದನ್ನು ತೋರಿಸಿ.

[ದೃಶ್ಯ: ಬಿಳಿ ಹಾಳೆಯ ತುಂಡು ಕೈಯಲ್ಲಿ.]

ವಾಲ್ವ್ ಕೆಟ್ಟಿದೆಯಾ ಅಂತ ನೋಡಲು ಒಂದು ಹಾಳೆ ಸಾಕು. ಇಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ಇರಲಿ. "ತಮ್ಮಾ, ರೇಸ್ ಕೊಡಬೇಡ, ಸುಮ್ನೆ ಹಾಗೇ ಇರಲಿ." ಆಯಿಲ್ ಮುಚ್ಚಳ ತೆಗೆದು ಹಾಳೆ ಇಡಿ. ಹೆಚ್ಚಿನ ಗಾಡಿಗಳಲ್ಲಿ ಹಾಳೆ ಮೆಲ್ಲಗೆ ಅಂಟಿ ನಿಲ್ಲಬೇಕು. ಮೇಲಕ್ಕೆ ಹಾರಿದರೆ ವಾಲ್ವ್ ಕಟ್ಟಿಕೊಂಡಿದೆ, ಇಲ್ಲವೇ ರಿಂಗ್ ಸವೆದಿದೆ. ಜೋರಾಗಿ ಒಳಕ್ಕೆ ಎಳೆದುಕೊಂಡರೆ ವಾಲ್ವ್ ತೆರೆದೇ ನಿಂತುಬಿಟ್ಟಿದೆ.

ತೆರೆದು ನಿಂತ ವಾಲ್ವ್ ಘಾಟಿಯಲ್ಲೂ ಗೊತ್ತಾಗುತ್ತದೆ. ಆಗುಂಬೆಯ 14 ತಿರುವುಗಳನ್ನು ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿಯುತ್ತೀರಿ. ಆಗ ಇಂಜಿನ್ ಒಳಕ್ಕೆ ಹೀರುವ ಎಳೆತ (ವ್ಯಾಕ್ಯೂಮ್) ತುಂಬಾ ಜಾಸ್ತಿ. ಸರಿಯಿರುವ ವಾಲ್ವ್ ಆಗ ತನ್ನ ದಾರಿಯನ್ನು ಕಿರಿದು ಮಾಡಿಕೊಳ್ಳುತ್ತದೆ. ಸಿಕ್ಕಿಕೊಂಡ ವಾಲ್ವ್ ಆಯಿಲನ್ನೂ ಎಳೆಸಿಬಿಡುತ್ತದೆ. ಸೋಮೇಶ್ವರಕ್ಕೆ ಇಳಿದು ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದೆ ನೀಲಿ ಹೊಗೆ. ಇಂಜಿನ್ ಹೆಡ್ಡಿನ ಒಳಗಿರುವ ಬೇರೆ ವಾಲ್ವುಗಳ ಸೀಲ್ ಹೋದರೂ ಹೀಗೇ ಆಗುತ್ತದೆ, ನಿಜ. ಆದರೆ ಅದಕ್ಕೆ ಹೆಡ್ ಕೆಲಸ ಬೇಕು, ಇದಕ್ಕೆ ಹತ್ತು ಬೆರಳು ಸಾಕು. ಹಾಗಾಗಿ ಮೊದಲು ಇದನ್ನೇ ನೋಡಿ. ಈ ಕಾರು ನಮ್ಮ ಚಿಕ್ಕಪ್ಪನದು. ಹೊಗೆ ನೋಡಿದ ಕೂಡಲೇ ಒಬ್ಬರು "ಇಂಜಿನ್ ಇಳಿಸಬೇಕು" ಅಂದುಬಿಟ್ಟಿದ್ದರು. ಇಷ್ಟು ಸಣ್ಣ ಸಾಮಾನನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ನನಗೆ ಬೇಸರ ಆಗುವುದು ಅದಕ್ಕೇ.

[ದೃಶ್ಯ: ಟ್ಯಾಪೆಟ್ ಕವರ್, ಅದರ ಮೇಲೆ ವಾಲ್ವ್ ಮತ್ತು ರಬ್ಬರ್ ಹೋಸ್.]

ಈ ಗಾಡಿಯಲ್ಲಿ ವಾಲ್ವ್ ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ನಿನ ಮೇಲ್ಮುಚ್ಚಳದ ಮೇಲೆ, ರಬ್ಬರ್ ಬುಷ್ ಒಳಗೆ ಕೂತಿದೆ. ಕೆಲವು ಗಾಡಿಗಳಲ್ಲಿ ಮರೆ (ಸ್ಕ್ರೂ ಥ್ರೆಡ್) ಹಾಕಿ ಕೂರಿಸಿರುತ್ತಾರೆ. ಇನ್ನು ಕೆಲವರದು ಮ್ಯಾನಿಫೋಲ್ಡಿನ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಕಡೆ ಇರುತ್ತದೆ. ನಿಮ್ಮ ಗಾಡಿಯ ಮ್ಯಾನುಯಲ್ ನೋಡಿಕೊಳ್ಳಿ. ಹೊಸ ವಾಲ್ವ್ ತರುವಾಗಲೇ ಹೊಸ ಬುಷ್ ಕೂಡ ತನ್ನಿ. ಹಳೇ ಬುಷ್ ಉಳಿಯುತ್ತದೆ ಅಂತ ಲೆಕ್ಕ ಹಾಕಬೇಡಿ.

ಇಂಜಿನ್ ಆಫ್ ಮಾಡಿ, ಪೂರ್ತಿ ತಣಿಯಲಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಒರೆಸಿ. ನಮ್ಮ ಕೆಂಪು ಮಣ್ಣು ಒಳಗೆ ಬಿದ್ದರೆ ವಾಲ್ವ್ ಬದಲಿಸಿದ ಲಾಭವೆಲ್ಲ ಹೋಯಿತು. ಬ್ರಷ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆ.

ಈಗ ಹೋಸ್. ಕ್ಲಾಂಪ್ ಹಿಂದಕ್ಕೆ ಸರಿಸಿ. ಹೋಸನ್ನು ಎಳೆಯಬೇಡಿ, ತಿರುಗಿಸಿ. ಈ ಕಡೆ, ಆ ಕಡೆ. ಒಮ್ಮೆ ಅಂಟು ಬಿಟ್ಟರೆ ತಾನಾಗಿ ಬರುತ್ತದೆ.

[ದೃಶ್ಯ: ವಾಲ್ವಿನ ಬುಡ ತುಂಬಾ ಹತ್ತಿರದಿಂದ. ಬುಷ್‌ನಲ್ಲಿ ಬಿರುಕು.]

ನಿಜವಾದ ಮೊಂಡುತನ ಇಲ್ಲಿದೆ. ವರ್ಷಗಟ್ಟಲೆ ಬಿಸಿ ತಿಂದು ಈ ರಬ್ಬರ್ ಗಟ್ಟಿಯಾಗಿದೆ. ಉಗುರು ಒತ್ತಿದರೂ ಗುರುತು ಬೀಳುತ್ತಿಲ್ಲ ನೋಡಿ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಏನಾಗುತ್ತದೆ? ಪ್ಲಾಸ್ಟಿಕ್ ವಾಲ್ವ್ ಕುತ್ತಿಗೆಯಲ್ಲೇ ಮುರಿಯುತ್ತದೆ, ಅರ್ಧ ಒಳಗೇ ಉಳಿಯುತ್ತದೆ. ಅದಕ್ಕೇ ಅವಸರ ಬೇಡ ಮಾರಾಯ್ರೇ. ಬುಷ್ ಸುತ್ತ ಸಿಲಿಕಾನ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ವಾಲ್ವನ್ನು ಕೈಯಲ್ಲೇ ಹಿಡಿದು ತಿರುಗಿಸಿ, ತಿರುಗಿಸುತ್ತಲೇ ಮೇಲಕ್ಕೆ ಎತ್ತಿ.

ಮುರಿದೇ ಹೋಯಿತಾ? ಗಾಬರಿ ಬೇಡ. ಉಳಿದ ತುಂಡಿನ ತೂತಿಗೆ ಒಂದು ಸ್ಕ್ರೂ ಎರಡು ಸುತ್ತು ಹಾಕಿ, ಇಕ್ಕಳದಲ್ಲಿ ಮೇಲಕ್ಕೆ ಎಳೆಯಿರಿ. ಬುಷ್ ತೆಗೆಯಲು ಬ್ಲೇಡಿನಿಂದ ಅಂಚು ಕೊಯ್ದು, ಹೊರಮುಖವಾಗಿ ಬಿಡಿಸಿಕೊಳ್ಳಿ. ಬ್ಲೇಡಿಗೆ ಗ್ರೀಸ್ ಸವರಿದರೆ ರಬ್ಬರ್ ಚೂರು ಅದಕ್ಕೇ ಅಂಟುತ್ತದೆ. ಕಣ್ಣು ತಪ್ಪಿ ಚೂರು ಒಳಗೆ ಬಿದ್ದರೆ ಚಿಮ್ಮಟದಲ್ಲಿ ತೆಗೆಯಿರಿ. ಅದು ಒಳಗೇ ಇರಲಿ, ಏನಾಗುತ್ತದೆ ಅಂತ ಬಿಡಲೇಬೇಡಿ. ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡರೆ ಇಂಜಿನ್ನಿಗೇ ಕುತ್ತು.

ಮರೆ ಇರುವ ವಾಲ್ವ್ ಆದರೆ ಸರಿಯಾದ ಅಳತೆಯ ಸ್ಪ್ಯಾನರ್ರೇ ಬೇಕು. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕವರ್ ಅಲ್ಯೂಮಿನಿಯಂ, ಬಲ ಹಾಕಿದರೆ ಮರೆ ಕಿತ್ತು ಬರುತ್ತದೆ.

[ದೃಶ್ಯ: ಹಳೇ ವಾಲ್ವ್ ಮತ್ತು ಹೊಸ ವಾಲ್ವ್, ಕಿವಿಯ ಹತ್ತಿರ ಅಲ್ಲಾಡಿಸುವುದು.]

ಕೇಳಿ. ಹೊಸದು ಟಿಕ್ ಟಿಕ್ ಅನ್ನುತ್ತದೆ. ಹಳೆಯದು ಮೌನ. ಎಲ್ಲಾ ಮಾದರಿಯಲ್ಲೂ ಈ ಸದ್ದು ಇರುವುದಿಲ್ಲ, ಆದರೆ ಇದರಲ್ಲಿ ಇದೆ.

ಹೊಸ ಬುಷ್‌ಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಕೂರಿಸಿ. ವಾಲ್ವ್ ಮೇಲೆ ಬಾಣದ ಗುರುತು ಇದ್ದರೆ ಅದು ಮ್ಯಾನಿಫೋಲ್ಡ್ ಹೋಸಿನ ಕಡೆ ತೋರಿಸಬೇಕು. ಹೋಸ್ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಿ. ಔಷಧಿ ಹೊಡೆಯುವ ಪಂಪಿನ ಪೈಪ್ ಮನೆಯಲ್ಲಿ ಇದೆ ಅಂತ ಅದನ್ನು ಮಾತ್ರ ಹಾಕಬೇಡಿ. ಬಿಸಿಗೂ ಆಯಿಲಿಗೂ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ.

ಜಿಡ್ಡು ಇಷ್ಟು ಇದ್ದ ಮೇಲೆ ಆಯಿಲ್ ಮತ್ತು ಫಿಲ್ಟರ್ ಕೂಡ ಬದಲಿಸಿ. ಗಾಡಿಯನ್ನು ಆಗಾಗ ಶಿವಮೊಗ್ಗದವರೆಗೆ ಓಡಿಸಿ, ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಆಮೇಲೆ ಮತ್ತೆ ಹಾಳೆ ಇಟ್ಟು ನೋಡಿ. ಹೊಸ ವಾಲ್ವ್ ಹಾಕಿದರೂ ಹಾಳೆ ಹಾರುತ್ತಿದ್ದರೆ ಹೋಸು ಕಟ್ಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಇಂಜಿನ್ ಇಳಿಸುವ ಮಾತು ಅದರ ರೀಡಿಂಗ್ ಕೈಗೆ ಬಂದ ಮೇಲೆ.