ಕಾಗದ ಅಲ್ಲ ಸ್ವಾಮಿ, ಸೋರ್ಸ್ ಎಣಿಸಿ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ವಿಕಿರಣ ವಸ್ತು ಇಟ್ಕೊಂಡೋರಿಗೆ ಹದಿನೈದು ವರ್ಷದ ಲೈಸೆನ್ಸಾ? ವರ್ಷಾ ವರ್ಷಾ ರಿನ್ಯೂ ಮಾಡಿಸ್ಬೇಕು. ಜನರ ಜೀವಕ್ಕೆ ಯಾರು ಹೊಣೆ?" ಅದಕ್ಕೆ ಲೈಕ್ ಮೇಲೆ ಲೈಕ್. ಜೀವದ ಬಗ್ಗೆ ಕಾಳಜಿ ಇರೋದು ಸರಿ. ಆದ್ರೆ ಆ ಕಾಳಜಿಯನ್ನ ತಪ್ಪು ಜಾಗದಲ್ಲಿ ಇಟ್ಟಿದ್ದೀರಿ. ಇವತ್ತು ಈ ಒಂದೇ ಮಾತು. ಕಾಗದ ಅಲ್ಲ, ಸೋರ್ಸ್ ಎಣಿಸಿ. ಸೋರ್ಸ್ ಅಂದ್ರೆ ವಿಕಿರಣ ಸೂಸೋ ಆ ವಸ್ತು.

ಅಮೆರಿಕದಲ್ಲಿ ಈ ಲೈಸೆನ್ಸ್ ಹಿಂದೆ ಐದು ವರ್ಷಕ್ಕೆ ಸಿಗ್ತಿತ್ತು. 1996ರಲ್ಲಿ ಅಲ್ಲಿನ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ ಆಸ್ಪತ್ರೆ, ಕಾರ್ಖಾನೆಗಳ ಬಹುಪಾಲು ಲೈಸೆನ್ಸುಗಳನ್ನ ಒಂದೇ ಸಲಕ್ಕೆ ಇನ್ನೈದು ವರ್ಷ ಮುಂದೂಡ್ತು. ಈಗ ಹದಿನೈದು ವರ್ಷದವರೆಗೂ ಕೊಡ್ತಾರೆ. ಸಡಿಲ ಬಿಟ್ರು ಅಂತೀರಾ? ಅದೇ ನಿಯಮದ ಪುಸ್ತಕ ಇನ್ನೊಂದೆರಡು ಪುಟ ತಿರುವಿ ನೋಡಿ. ಇಂಡಸ್ಟ್ರಿಯಲ್ ರೇಡಿಯೋಗ್ರಫಿ, ಅಂದ್ರೆ ವಿಕಿರಣ ಹಾಯಿಸಿ ಲೋಹದ ಒಳಗಿನ ದೋಷ ನೋಡೋ ಕೆಲಸ, ಮಾಡೋರು ಮೂರು ತಿಂಗಳಿಗೊಮ್ಮೆ ಪ್ರತಿ ಸೋರ್ಸನ್ನೂ ಕಣ್ಣಾರೆ ಎಣಿಸಬೇಕು. ಆಸ್ಪತ್ರೆಯ ಸೀಲ್ಡ್ (ಕ್ಯಾಪ್ಸೂಲಲ್ಲಿ ಮುಚ್ಚಿಟ್ಟ) ಸೋರ್ಸುಗಳಿಗೆ ಆರು ತಿಂಗಳಿಗೊಮ್ಮೆ ಎಣಿಕೆ. ಒರೆಸಿ ಸೋರಿಕೆ ನೋಡೋ ಲೀಕ್ ಟೆಸ್ಟೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ಒರೆಸಿದ ಕಾಗದದಲ್ಲಿ 185 ಬೆಕ್ವೆರಲ್ (ಬೆಕ್ವೆರಲ್ ಅನ್ನೋದು ವಿಕಿರಣದ ತೀರಾ ಸಣ್ಣ ಅಳತೆ) ಸಿಕ್ಕಿದ್ರೆ ಆ ಸೋರ್ಸ್ ಬಳಕೆಯಿಂದ ಹೊರಗೆ. ಲೈಸೆನ್ಸ್ ವರ್ಷಗಟ್ಟಲೆ ಬೆಳೆದ್ರೂ ಎಣಿಕೆ ತಿಂಗಳ ಲೆಕ್ಕದಲ್ಲೇ ಇದೆ. ಇದೇ ಸರಿಯಾದ ದಾರಿ.

ಐದು ವರ್ಷ ಅನ್ನೋ ಲೆಕ್ಕ ಯಾವ ಸೋರ್ಸಿಗೂ ಹೊಂದಲ್ಲ ಕಣ್ರೀ. ವೆಲ್ಡಿಂಗ್ ಜಾಯಿಂಟ್ ಪರೀಕ್ಷೆಗೆ ಇರಿಡಿಯಂ-192 ಹಾಕ್ತಾರೆ, ಅದರ ಅರ್ಧಾಯುಷ್ಯ, ಅಂದ್ರೆ ಶಕ್ತಿ ಅರ್ಧಕ್ಕೆ ಇಳಿಯೋ ಕಾಲ, 74 ದಿನ. ಕ್ಯೂರಿ ಅನ್ನೋದು ವಿಕಿರಣದ ದೊಡ್ಡ ಅಳತೆ; ನೂರು ಕ್ಯೂರಿಯ ಸೋರ್ಸು ಐದು ವರ್ಷಕ್ಕೆ ನಾಲ್ಕು ಮೈಕ್ರೋಕ್ಯೂರಿಗೆ, ಅಂದ್ರೆ ಒಂದು ಕ್ಯೂರಿಯ ಹತ್ತು ಲಕ್ಷದಲ್ಲಿ ನಾಲ್ಕು ಪಾಲಿಗೆ, ಬಂದಿರುತ್ತೆ. ಅಷ್ಟರೊಳಗೆ ಅದನ್ನಿಟ್ಟಿರೋ ರೇಡಿಯೋಗ್ರಫಿ ಕ್ಯಾಮೆರಾಗೆ ಎಷ್ಟೋ ಸೋರ್ಸು ಬಂದು ಹೋಗಿರುತ್ತೆ. ಇನ್ನೊಂದು ಕಡೆ ಅಮೆರಿಸಿಯಂ-241 ಇದೆ, 432 ವರ್ಷ. ಹದಿನೈದು ವರ್ಷಕ್ಕೆ ಎರಡೂವರೆ ಪರ್ಸೆಂಟೂ ಕಮ್ಮಿ ಆಗಲ್ಲ. ಕಂಪನಿ ಮುಚ್ಚಿಹೋದ್ರೂ ಅದು ಇರುತ್ತೆ. ಲೈಸೆನ್ಸ್ ಮೇಲಿನ ತಾರೀಖು ಇವೆರಡಕ್ಕೂ ಗೊತ್ತೇ ಇಲ್ಲ.

ಈ ರೇಡಿಯೋಗ್ರಫಿ ಕ್ಯಾಮೆರಾನ ಸ್ವಲ್ಪ ಹತ್ತಿರದಿಂದ ನೋಡೋಣ. ಒಳಗೆ ವಿಕಿರಣ ತಡೆಯೋಕೆ ಯುರೇನಿಯಂ ಕವಚ. ಸೋರ್ಸ್ ಇರೋದು ಪಿಗ್‌ಟೇಲ್ ಅನ್ನೋ ತಂತಿಯ ತುದಿಯಲ್ಲಿ. ಕ್ರ್ಯಾಂಕ್ ತಿರುಗಿಸಿದ್ರೆ ಡ್ರೈವ್ ಕೇಬಲ್ ಅದನ್ನ ಗೈಡ್ ಟ್ಯೂಬಿಗೆ ತಳ್ಳುತ್ತೆ. ಪಿಗ್‌ಟೇಲ್ ಸರಿಯಾಗಿ ಕೊಂಡಿ ಬಿದ್ದಿಲ್ಲ ಅಂದ್ರೆ? ವಾಪಸ್ ತಿರುಗಿಸಿದಾಗ ಕೇಬಲ್ ಪೂರ್ತಿ ಬರುತ್ತೆ, ಕೈಗೆ ಎಲ್ಲ ಸರಿ ಅನ್ಸುತ್ತೆ, ಸೋರ್ಸ್ ಮಾತ್ರ ಟ್ಯೂಬಲ್ಲೇ ಉಳ್ದಿರುತ್ತೆ. ಹೊರಗಿಂದ ನೋಡಿದ್ರೆ ಒಂದು ಕೂದಲೆಳೆ ವ್ಯತ್ಯಾಸ ಕಾಣಲ್ಲ. ಅದಕ್ಕೇ ಪ್ರತಿ ಎಕ್ಸ್‌ಪೋಶರ್ ಆದ್ಮೇಲೂ ವಿಕಿರಣ ಅಳೆಯೋ ಸರ್ವೆ ಮೀಟರ್ ಹಿಡ್ಕೊಂಡು ಕ್ಯಾಮೆರಾ ಸುತ್ತ, ಟ್ಯೂಬ್ ಉದ್ದಕ್ಕೂ ನೋಡ್ಲೇಬೇಕು. ಮೀಟರ್ ನೋಡದೆ ಟ್ಯೂಬ್ ಕೈಯಲ್ಲಿ ಸುತ್ತಿಕೊಂಡವನ ಬೆರಳು ಹೋಗುತ್ತೆ. ಆ ಹೊತ್ತಲ್ಲಿ ಆಫೀಸಿನ ಗೋಡೇಲಿ ಲೈಸೆನ್ಸ್ ಇನ್ನೂ ಮೂರು ವರ್ಷ ಬಾಕಿ ಅಂತ ಫ್ರೇಮಲ್ಲಿ ನೇತಾಡ್ತಿರುತ್ತೆ. ಏನ್ ಮಾಡುತ್ತೆ ಅದು?

ಮೈಗೆ ಬಿದ್ದ ವಿಕಿರಣ ಅಳೆಯೋ ಟಿಎಲ್‌ಡಿ ಬ್ಯಾಡ್ಜ್ ಎಲ್ಲಿ ಹಾಕ್ಬೇಕು ಅಂತ ಬೇರೆ ವಿಡಿಯೋ ಮಾಡಿದ್ದೀವಿ, ನೋಡಿಲ್ಲ ಅಂದ್ರೆ ಇದು ಮುಗಿದ್ಮೇಲೆ ನೋಡಿ. ಸಬ್‌ಸ್ಕ್ರೈಬ್ ಆಗಿ, ಕೆಲಸದ ಗೆಳೆಯರಿಗೆ ಕಳ್ಸಿ.

"ರಿನ್ಯೂವಲ್ ಇಲ್ಲ ಅಂದ್ರೆ ಬದಲಾವಣೆ ಸರ್ಕಾರಕ್ಕೆ ಹೇಗೆ ತಿಳಿಯುತ್ತೆ?" ಅಂತಾರೆ. ಸ್ವಾಮಿ, ಬದಲಾವಣೆ ರಿನ್ಯೂವಲ್‌ಗೆ ಕಾಯಲ್ಲ. ಸುರಕ್ಷಾ ಅಧಿಕಾರಿ ಬದಲಾದ್ರೆ, ಹೊಸ ಐಸೊಟೋಪ್ (ಬೇರೆ ಬಗೆಯ ವಿಕಿರಣ ವಸ್ತು) ಬಂದ್ರೆ, ಕೋಣೆ ಬದಲಾದ್ರೆ ಆಗಲೇ ತಿದ್ದುಪಡಿ ತಗೋಬೇಕು. ಕೆಲಸ 24 ತಿಂಗಳು ನಿಂತಿದ್ರೆ 60 ದಿನದೊಳಗೆ ತಿಳಿಸ್ಬೇಕು. ಇದೂ ಅಮೆರಿಕದ ನಿಯಮವೇ.

ಆ 24 ತಿಂಗಳನ್ನ ನೆನಪಲ್ಲಿಟ್ಕೊಳ್ಳಿ. ದೆಹಲಿಯ ಮಾಯಾಪುರಿ, 2010. ದೆಹಲಿ ವಿಶ್ವವಿದ್ಯಾಲಯದ ಕೋಬಾಲ್ಟ್-60 ಗಾಮಾ ಯಂತ್ರ 1985ರಿಂದ ಸುಮ್ನೆ ಬಿದ್ದಿತ್ತು. ಇಪ್ಪತ್ತೈದು ವರ್ಷ! ಫೆಬ್ರವರಿಯಲ್ಲಿ ಗುಜರಿಗೆ ಹರಾಜಾಯ್ತು, ಅಂಗಡಿಯಲ್ಲಿ ಬಿಚ್ಚಿದ್ರು, ಏಪ್ರಿಲ್ ಹೊತ್ತಿಗೆ ಜನ ಆಸ್ಪತ್ರೆ ಸೇರಿದ್ರು, ಒಬ್ಬರು ತೀರಿಹೋದ್ರು. ನಮ್ಮಲ್ಲಿ ಲೈಸೆನ್ಸಿಗೆ ಐದೇ ವರ್ಷ ಅನ್ನೋ ನಿಯಮ 2004ರಿಂದಲೇ ಇತ್ತು. ಆ ಐದು ವರ್ಷ ಯಾರನ್ನ ಉಳಿಸ್ತು? ಯಾರಾದ್ರೂ ಒಂದು ಸಲ ಆ ಕೋಣೆ ಬೀಗ ತೆಗೆದು ಎಣಿಸಿದ್ರೆ ಉಳೀತಿತ್ತು. ಬ್ರೆಜಿಲ್‌ನ ಗೊಯಾನಿಯಾದಲ್ಲೂ ಇದೇ ಕಥೆ. ಕ್ಲಿನಿಕ್ ಜಾಗ ಬದಲಾಯಿಸ್ತು, ಸೀಸಿಯಂ ಯಂತ್ರ ಹಳೇ ಕಟ್ಟಡದಲ್ಲೇ ಉಳೀತು, ಇಲಾಖೆಗೆ ತಿಳಿಸ್ಲಿಲ್ಲ. 1987ರಲ್ಲಿ ಗುಜರಿಯವರ ಕೈಗೆ ಬಿತ್ತು. ನಾಲ್ಕು ಜೀವ ಹೋಯ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು.

ಎಣಿಸೋದು ಅಂದ್ರೆ ರಿಜಿಸ್ಟರಲ್ಲಿ ಹೋದ ಸಲದ ಪಟ್ಟಿ ನಕಲು ಮಾಡೋದಲ್ಲ. ಪೈಪಿಗೆ ಕೂರಿಸಿದ ಸೀಸಿಯಂ ಗೇಜ್, ಅಂದ್ರೆ ಪೈಪಿನೊಳಗೆ ಇರೋದನ್ನ ವಿಕಿರಣದಿಂದ ಅಳೆಯೋ ಸಾಧನ, ಇದೆ ಅಂತಿಟ್ಕೊಳ್ಳಿ. ಹತ್ರ ಹೋಗಿ ಫಲಕದ ಮೇಲಿನ ಸೀರಿಯಲ್ ನಂಬರ್ ಓದಿ. ಧೂಳು ಕೂತು ಓದಕ್ಕಾಗ್ತಿಲ್ಲ ಅಂದ್ರೆ ಅದೇ ಮೊದಲ ದೋಷ, ಬರ್ಕೊಳ್ಳಿ. ಕಿರಣ ತಡೆಯೋ ಮುಚ್ಚಳ ಇದೆಯಲ್ಲ, ಶಟರ್, ಅದರ ಹಿಡಿ ತಿರುಗಿಸಿ. ಸಿಮೆಂಟ್ ಧೂಳು, ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ, ಹಿಡಿ "ಮುಚ್ಚಿದೆ" ಅನ್ನುತ್ತೆ, ಕಿರಣ ಬರ್ತಾನೇ ಇರುತ್ತೆ. ಅದಕ್ಕೇ ಹಿಡಿ ನಂಬಬೇಡಿ, ಮುಚ್ಚಿದ ಮೇಲೆ ಮೀಟರ್ ರೀಡಿಂಗ್ ಬಿದ್ದಿದ್ಯಾ ನೋಡಿ. ಆಮೇಲೆ ಹೋಲ್ಡರ್ ಸಂದಿ, ಶಟರ್ ಅಂಚು ಒರೆಸಿ ಆ ಕಾಗದವನ್ನ ಲ್ಯಾಬಿಗೆ ಕಳ್ಸಿ. ಬೋಲ್ಟು ಬಿಗಿ ಇದ್ಯಾ ನೋಡಿ. ಬೋಲ್ಟು ಅಂದ್ರೆ ಸಣ್ಣ ವಿಷಯ ಅಂದ್ಕೋಬೇಡಿ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿಯಿಂದ ಪರ್ತ್‌ಗೆ ಹೊರಟ ಗೇಜ್ ಲಾರಿಯಲ್ಲಿ ಬೋಲ್ಟು ಬಿಟ್ಟು ಕಳಚ್ಕೊಂಡು, ಒಳಗಿನ ಸೋರ್ಸ್ ರಸ್ತೆಗೆ ಬಿತ್ತು. ಅವರೆಕಾಳಿಗಿಂತ ಸಣ್ಣ ಸೀಸಿಯಂ ಕ್ಯಾಪ್ಸೂಲ್, 8 ಮಿಲಿಮೀಟರ್ ಉದ್ದ, 6 ಅಗಲ. ಸುಮಾರು 1,400 ಕಿಲೋಮೀಟರ್ ರಸ್ತೆ ಹುಡುಕ್ಬೇಕಾಯ್ತು! 12ನೇ ತಾರೀಖು ಹೊರಟಿದ್ದು, ಪೆಟ್ಟಿಗೆ ಬಿಚ್ಚಿ ನೋಡಿದ್ದು 25ಕ್ಕೆ. ಆ ಹದಿಮೂರು ದಿನ ಯಾರೂ ನೋಡ್ಲಿಲ್ಲ. ಲೈಸೆನ್ಸ್ ಒಂದು ವರ್ಷದ್ದಿದ್ರೂ ಹದಿನೈದರದ್ದಿದ್ರೂ ಆ ಕ್ಯಾಪ್ಸೂಲ್ ಬೀಳ್ತಿತ್ತು.

ಇನ್ನೂ "ರಿನ್ಯೂವಲ್ ಇದ್ರೆ ಭಯ ಇರುತ್ತೆ" ಅಂತೀರಾ? ಭಯ ಫೈಲ್ ಬಗ್ಗೆ ಇರುತ್ತೆ! ರಿನ್ಯೂವಲ್ ತಿಂಗಳಲ್ಲಿ ಸುರಕ್ಷಾ ಅಧಿಕಾರಿ ಪ್ಲಾಂಟಿಗೇ ಇಳಿಯಲ್ಲ. ನಕ್ಷೆ, ಸರ್ಟಿಫಿಕೇಟು, ಹಳೇ ರಿಪೋರ್ಟು ಜೋಡಿಸ್ತಾ ಕಂಪ್ಯೂಟರ್ ಮುಂದೆ ಕೂತಿರ್ತಾನೆ. ಆ ಮನುಷ್ಯನ್ನ ಬಿಡಿ. ಗೇಜ್ ಹತ್ರ ಕಳ್ಸಿ. ಕಾಗದ ಅಲ್ಲ, ಸೋರ್ಸ್! ಸೋರ್ಸ್ ಎಣಿಸಿ! ಇದನ್ನ ನೂರು ಸಲ ಹೇಳಕ್ಕೂ ನಾವು ರೆಡಿ.

ಮುಂದಿನ ವಾರ ಸರ್ವೆ ಮೀಟರ್ ಕ್ಯಾಲಿಬ್ರೇಶನ್ ಬಗ್ಗೆ ಮಾತಾಡ್ತೀವಿ, ಬೆಲ್ ಒತ್ತಿಟ್ಟಿರಿ. ಸ್ಟೀಲ್, ಸಿಮೆಂಟ್, ಪೇಪರ್ ಮಿಲ್ಲಲ್ಲಿ ಕೆಲಸ ಮಾಡೋರು ಒಂದು ಕಾಮೆಂಟ್ ಹಾಕಿ: ನಿಮ್ಮಲ್ಲಿ ಗೇಜಿನ ಶಟರ್ ಮುಚ್ಚಿ ಮೀಟರ್ ಹಿಡಿದು ನೋಡಿದ್ದು ಕೊನೇ ಸಲ ಯಾವಾಗ? ನಿಮ್ಮ ಹೆಸರು ಬೇಡ, ಕಂಪನಿ ಹೆಸರೂ ಬೇಡ. ತಿಂಗಳು, ಇಸವಿ ಸಾಕು.