ಗಡಿ ದಾಟುವ ಗಾಡಿ, ದಾಟದ ದಂಡ

ಎಲ್ಲರಿಗೂ ನಮಸ್ಕಾರ. ಮಂಜೇಶ್ವರದ ನಮಗೆ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದು ಪ್ರಯಾಣವೇ ಅಲ್ಲ. ಮಕ್ಕಳ ಕಾಲೇಜು ಮಂಗಳೂರಿನಲ್ಲಿ, ಆಸ್ಪತ್ರೆ ದೇರಳಕಟ್ಟೆಯಲ್ಲಿ, ರೇಷನ್ ಕಾರ್ಡ್ ಮಾತ್ರ ಕೇರಳದ್ದು. ನಾವು ದಾಟಿದಷ್ಟು ಸಲೀಸಾಗಿ ನಮ್ಮ ಟ್ರಾಫಿಕ್ ದಂಡವೂ ದಾಟುತ್ತದೆಯೇ? ಇವತ್ತಿನ ಮಾತು ಅದು.

ಮೊದಲು ನನ್ನ ಕತೆ. ಕೆಎ-19 ನಂಬರಿನ ಹಳೆಯ ಸ್ಕೂಟರನ್ನು ಕುಂಬಳೆಯ ಹುಡುಗನೊಬ್ಬನಿಗೆ ಮಾರಿದ್ದೆ. 'ಆರ್‌ಸಿ ನಾನೇ ಮಾಡಿಸಿಕೊಳ್ತೇನೆ ಮಾಷ್ಟ್ರೇ' ಅಂದ. ನಾನೂ ಸುಮ್ನಾದೆ. ಎರಡು ತಿಂಗಳು ಕಳೆದು ನನ್ನ ಫೋನಿಗೆ ಚಲನ್ ಬಂತು. ಫೋಟೋ ತೆರೆದು ನೋಡಿದೆ. ಹುಡುಗ ಹೆಲ್ಮೆಟ್ ಹಾಕಿದ್ದಾನೆ. ಹಿಂದೆ ಕೂತವನ ತಲೆಯಲ್ಲಿ ಏನೂ ಇಲ್ಲ, ಮಡಿಲಲ್ಲಿ ಮಾತ್ರ ಇಷ್ಟು ದೊಡ್ಡ ಹಲಸು. ದಂಡ 500 ರೂಪಾಯಿ, ನನ್ನ ಹೆಸರಿಗೆ. ಹಣ್ಣು ತಿನ್ನುವವರು ಯಾರೋ, ಮೇಣ ನನ್ನ ಕೈಗೆ!

ಯಾರಿಗಾದರೂ ಬೈಯೋಣ ಅಂತ ಕಾನೂನು ತೆರೆದರೆ ತಪ್ಪು ನನ್ನದೇ. ಬೇರೆ ರಾಜ್ಯದವರಿಗೆ ಗಾಡಿ ಮಾರಿದರೆ 45 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಕೇರಳದಲ್ಲಿ 726 ಕ್ಯಾಮರಾಗಳ ಯೋಜನೆಯಡಿ 2023ರ ಜೂನ್ 5ರಿಂದ ದಂಡ ಹಾಕುತ್ತಿದ್ದಾರೆ. ಕ್ಯಾಮರಾಕ್ಕೆ ನಂಬರ್ ಕಾಣುತ್ತದೆ, ದೇಶದ ಗಾಡಿ ನೋಂದಣಿಯ 'ವಾಹನ್' ದಾಖಲೆಯಲ್ಲಿ ಯಜಮಾನ ಸಿಗುತ್ತಾನೆ. ಕೆಎ ಆಗಲಿ ಕೆಎಲ್ ಆಗಲಿ, ಪುಸ್ತಕ ಒಂದೇ.

ಪುಸ್ತಕ ಬೇರೆಯಾದರೆ? ದುಬೈ ನಂಬರಿನ ಕಾರುಗಳನ್ನು ನಮ್ಮ ಹೆದ್ದಾರಿಯಲ್ಲಿ ನೀವೂ ನೋಡಿರಬಹುದು. ಹೀಗೆ ಬರುವ ವಿದೇಶಿ ಖಾಸಗಿ ಗಾಡಿಗಳಿಗೆ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಆರ್‌ಸಿ, ವಿಮೆ, ಚಾಲನಾ ಪರವಾನಗಿ ಅಥವಾ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಎಲ್ಲ ಜೊತೆಗಿರಬೇಕು. ಆದರೆ ಆ ನಂಬರಿನ ಯಜಮಾನ 'ವಾಹನ್'ನಲ್ಲಿ ಇಲ್ಲವಲ್ಲ. ಹಾಗಾಗಿ ರಸ್ತೆಯಲ್ಲೇ ನಿಲ್ಲಿಸಿ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಯುರೋಪಿನವರಿಗೆ ಇದು ದಿನಾ ಇದ್ದ ತಲೆನೋವು. ಅಲ್ಲಿ ಗಡಿಯಲ್ಲಿ ಗೇಟೂ ಇಲ್ಲ, ದೇಶ ಮಾತ್ರ ಬೇರೆ. ದೇಶ ದಾಟಿದ ದಂಡಕ್ಕೆ ಐರೋಪ್ಯ ಒಕ್ಕೂಟದವರು 2011ರಲ್ಲಿ ಒಂದು ಕಾನೂನು ತಂದರು. ಅದನ್ನು ಪೊಲೀಸ್ ಸಹಕಾರದ ಲೆಕ್ಕದಲ್ಲಿ ಮಾಡಿದ್ದೀರಿ, ಸಾರಿಗೆಯ ಲೆಕ್ಕದಲ್ಲಿ ಮಾಡಬೇಕಿತ್ತು ಅಂತ ಅವರ ಕೋರ್ಟು 2014ರಲ್ಲಿ ರದ್ದು ಮಾಡಿತು. 2015ರಲ್ಲಿ ಹೊಸದು ಬಂತು. ಅತಿವೇಗ, ಕೆಂಪು ದೀಪ, ಕುಡಿದು ಓಡಿಸುವುದು, ಹೆಲ್ಮೆಟ್, ಬೆಲ್ಟ್, ಫೋನು ಹೀಗೆ ಎಂಟು ತಪ್ಪುಗಳಿಗೆ ಒಂದು ದೇಶ ಇನ್ನೊಂದು ದೇಶದ ದಾಖಲೆ ನೋಡಬಹುದು ಅಂತ ಆಗ ಹೇಳಿತು. ನನಗೆ ಇಷ್ಟವಾದದ್ದು ಅದರಲ್ಲಿರುವ ಒಂದು ಸಣ್ಣ ಸಂಗತಿ. ಯಜಮಾನನಿಗೆ ಹೋಗುವ ಪತ್ರ ಅವನ ಆರ್‌ಸಿ ಯಾವ ಭಾಷೆಯಲ್ಲಿದೆಯೋ ಸಾಧ್ಯವಾದರೆ ಅದೇ ಭಾಷೆಯಲ್ಲಿರಬೇಕು. ಕಾಸರಗೋಡಿನ ಕನ್ನಡಿಗರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾ?

ಹೆಸರು ಸಿಕ್ಕಿದರೆ ದುಡ್ಡು ಸಿಕ್ಕಿದಂತಲ್ಲ. ಜರ್ಮನಿಯಲ್ಲಿ ದಂಡ ಓಡಿಸಿದವನಿಗೆ, ಹಾಗಾಗಿ ಫೋಟೋದಲ್ಲಿ ಮುಖ ಕಾಣಬೇಕು. ನೆದರ್ಲೆಂಡ್ಸಿನಲ್ಲಿ ಗಾಡಿಯ ಯಜಮಾನನೇ ಕಟ್ಟಬೇಕು. ಇನ್ನು ದಂಡ 70 ಯೂರೋಗಿಂತ ಕಡಿಮೆಯಾದರೆ, ವಸೂಲಿ ಮಾಡಿಕೊಡುವುದಿಲ್ಲ ಎನ್ನಲು ದಂಡ ಕಟ್ಟಬೇಕಾದವನ ದೇಶಕ್ಕೆ ಅವಕಾಶ ಉಂಟು. ಸಣ್ಣಪುಟ್ಟ ದಂಡಗಳು ಗಡಿಯಲ್ಲೇ ಉಳಿಯುವುದು ಹೀಗೆ.

ಗಲ್ಫಿನಲ್ಲಿರುವ ನಮ್ಮ ಹುಡುಗರಿಗೆ ಇದೆಲ್ಲ ಗೊತ್ತು. ದುಬೈಯಲ್ಲಿ ದಂಡ ಬಾಕಿ ಇದ್ದರೆ 'ಮುಲ್ಕಿಯಾ', ಅಂದರೆ ಅಲ್ಲಿನ ಆರ್‌ಸಿ, ನವೀಕರಣ ಆಗುವುದಿಲ್ಲ. ಹಾಗಾಗಿ ಅಲ್ಲಿ ಬಾಕಿ ಉಳಿಸುವುದಿಲ್ಲ. ರಜೆಯಲ್ಲಿ ಊರಿಗೆ ಬಂದವರೇ ಉಪ್ಪಳ ಪೇಟೆಯಲ್ಲಿ ಬೆಲ್ಟ್ ಇಲ್ಲದೆ ಹೋಗುತ್ತಾರೆ. ನಗಬೇಡಿ, ನಿಮ್ಮ ಮನೆಯಲ್ಲೂ ಒಬ್ಬರು ಇದ್ದಾರೆ, ಅಲ್ವಾ?

ಕುಂಬಳೆಯ ಹುಡುಗ ಮರುದಿನವೇ ಬಂದ. 500 ರೂಪಾಯಿ ಕೊಟ್ಟ, ಜೊತೆಗೆ ಒಂದು ಹಲಸಿನಹಣ್ಣು. ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಬೇಕಾದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಅರ್ಜಿ ತುಂಬಿಸಿ, ಸಹಿ ಹಾಕಿಸಿ, ಆಮೇಲೆಯೇ ಹಣ್ಣು ಕೊಯ್ದದ್ದು. ಈಗ ಪ್ರಶ್ನೆಗಳಿದ್ದರೆ ಕೇಳಿ.